ಗೋಧಿಗೆ ಎಂಥ ಬೇರು ಬೇಕು?

ಹೋದ ಮಳೆಗಾಲದಲ್ಲಿ ನಮ್ಮ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಒಂದಿಷ್ಟು ಜರಿಯಿತು. 2018ರ ಆಗಸ್ಟ್ ಕಂಡ ಕೊಡಗಿನವರಿಗೆ ಇದು ಹೇಳಿಕೊಳ್ಳುವಂಥ ಕುಸಿತವೇ ಅಲ್ಲ. ಎರಡು ಲೋಡು ಮಣ್ಣು ಕೊಟ್ಟಿಗೆಯ ಹಿಂದೆ ಬಂದು ಕೂತಿತು, ಅಷ್ಟೆ. ಮಣ್ಣು ತೆಗೆಸಿದ ಮೇಲೆ ನೋಡಿದರೆ ಬರೆಯ ಮೈ ಕತ್ತಿಯಲ್ಲಿ ಕೊಯ್ದ ಹಾಗೆ ನುಣ್ಣಗೆ ನಿಂತಿತ್ತು. ಮೇಲ್ಗಡೆ ರೊಬಸ್ಟಾ ಕಾಫಿ ಗಿಡಗಳ ಸಾಲು. ಅವುಗಳ ಬೇರು ಮೊದಲ ಒಂದೆರಡು ಅಡಿಯಲ್ಲೇ ಚಾಪೆ ಹಾಸಿದಂತೆ ಹರಡಿಕೊಂಡಿತ್ತು. ಅದರ ಕೆಳಗೆ ಬರೀ ಕೆಂಪು ಮಣ್ಣು.

ರೊಬಸ್ಟಾದ ಬೇರು ಮೇಲೇ ಇರುತ್ತದೆ ಅಂತ ಕೇಳಿ ಗೊತ್ತಿತ್ತು. ಕಣ್ಣಾರೆ ನೋಡಿದ್ದು ಇದೇ ಮೊದಲು. ಕಾಫಿ ಹೂ ಬಿಡಿಸುವ ಮಾರ್ಚಿನ ಹೂ ಮಳೆ ಕೈಕೊಟ್ಟ ವರ್ಷ ಕೆರೆಗೆ ಮೋಟರ್ ಇಟ್ಟು ಸ್ಪ್ರಿಂಕ್ಲರ್ ಓಡಿಸುತ್ತೇವೆ. ಆ ನೀರನ್ನು ಗಿಡ ಎಲ್ಲಿಂದ ಕುಡಿಯುತ್ತದೆ ಅಂತ ಇಷ್ಟು ವರ್ಷದಲ್ಲಿ ಒಮ್ಮೆಯೂ ಅಗೆದು ನೋಡಿರಲಿಲ್ಲ.

ನಮ್ಮೂರ ಶಾಲೆಗೆ ವಿಜಯಪುರದ ಕಡೆಯಿಂದ ಬಂದ ಮೇಷ್ಟ್ರೊಬ್ಬರಿದ್ದಾರೆ. ಬರೆ ನೋಡಲು ಬಂದವರು ಸೊಂಟಕ್ಕೆ ಕೈಯಿಟ್ಟು ನಿಂತು, "ಇದೇನ್ರೀ, ಇಷ್ಟ ಮ್ಯಾಲ ಐತಿ ಬೇರು? ನಮ್ಮ ಎರಿ ಹೊಲದಾಗ ಗೋದಿ ಬೇರು ಇದಕ್ಕಿಂತ ಕೆಳಗ ಹೋಗ್ತೈತಿ" ಅಂದರು. ನಾನು ನಕ್ಕುಬಿಟ್ಟೆ. ಸೊಂಟದೆತ್ತರದ ಹುಲ್ಲು, ಮೂವತ್ತು ವರ್ಷದ ಕಾಫಿ ಗಿಡವನ್ನು ಆಳದಲ್ಲಿ ಮೀರಿಸುತ್ತದಾ?

ಮೀರಿಸುತ್ತದೆ. ಮಣ್ಣು ಸಡಿಲವಾಗಿದ್ದು ಬೆಳೆಯಲು ಸಾಕಷ್ಟು ದಿನ ಸಿಕ್ಕರೆ ಗೋಧಿಯ ಬೇರು ಒಂದೂವರೆ ಮೀಟರ್ ದಾಟುತ್ತದೆ. ಚಳಿ ದೇಶಗಳಲ್ಲಿ ಹತ್ತು ತಿಂಗಳು ಹೊಲದಲ್ಲಿರುವ ಗೋಧಿ ಎರಡು ಮೀಟರಿಗೂ ಇಳಿಯುವುದುಂಟು. ಈ ಬೇರನ್ನೇ ತಿದ್ದಿ ಬಿಸಿಲು, ಬರ ತಡೆಯುವ ತಳಿ ಮಾಡಬೇಕು ಅಂತ ಜಗತ್ತಿನ ಹಲವು ಕಡೆ ಕೆಲಸ ನಡೆಯುತ್ತಿದೆ. ಅಕ್ಕಿ ಒಟ್ಟಿ, ಕಡಂಬುಟ್ಟು ತಿನ್ನುವ ಜಿಲ್ಲೆಯವನಿಗೆ ಗೋಧಿಯ ಉಸಾಬರಿ ಯಾಕೆ ಅಂತ ಕೇಳಬಹುದು. ನಮ್ಮ ಮನೆಗಳಲ್ಲೂ ರಾತ್ರಿಗೆ ಚಪಾತಿ ಬಂದು ಎಷ್ಟು ಕಾಲ ಆಯಿತು ಹೇಳಿ.

ಮೊದಲು ಗೋಧಿಯ ಬೇರು ಹೇಗಿರುತ್ತದೆ ನೋಡೋಣ. ಅದಕ್ಕೆ ಎರಡು ಜಾತಿಯ ಬೇರುಗಳಿವೆ. ಕಾಳು ಮೊಳೆತ ಕೂಡಲೇ ಅದರೊಳಗಿಂದಲೇ ಮೂರರಿಂದ ಆರು ಬೇರು ಹೊರಡುತ್ತವೆ. ಇವನ್ನು ಬೀಜದ ಬೇರು ಅನ್ನೋಣ. ಆಳಕ್ಕೆ ಇಳಿಯುವವು ಮುಖ್ಯವಾಗಿ ಇವೇ. ಆಮೇಲೆ ಪೈರು ತೆಂಡೆ, ಅಂದರೆ ಬುಡದಿಂದ ಮರಿ ಕಾಂಡ, ಒಡೆಯುವಾಗ ಬುಡದ ಗೆಣ್ಣಿನಿಂದ ಇನ್ನೊಂದು ಗುಂಪು ಹೊರಡುತ್ತದೆ. ಇವು ಬುಡದ ಬೇರು. ದಪ್ಪ, ಹೆಚ್ಚಾಗಿ ಮೇಲ್ಮಣ್ಣಿನಲ್ಲಿ ಹರಡುತ್ತವೆ. ಮೇಲ್ಮಣ್ಣು ಒಣಗಿದ್ದರೆ ಬುಡದ ಬೇರು ಸರಿಯಾಗಿ ಬರುವುದೇ ಇಲ್ಲ. ಆಗ ಇಡೀ ಗಿಡದ ಹೊಣೆ ಆ ನಾಲ್ಕೈದು ಬೀಜದ ಬೇರುಗಳ ಮೇಲೆ. ನೂಲಿನಷ್ಟು ಸಪೂರ ಇರುತ್ತವೆ ಅವು.

ಈಗ ಮೇಷ್ಟ್ರ ಊರಿನ ಲೆಕ್ಕ ನೋಡಿ. ನಮ್ಮ ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಮೀಟರಿಗೂ ಜಾಸ್ತಿ ಮಳೆ. ವಿಜಯಪುರದಲ್ಲಿ ಸುಮಾರು 600 ಮಿಲಿಮೀಟರ್. ಅದೂ ಅಕ್ಟೋಬರ್ ಹೊತ್ತಿಗೆ ಮುಗಿಯಿತು. ಹಿಂಗಾರಿ ಗೋಧಿ ಬಿತ್ತುವುದು ಅದಾದ ಮೇಲೆ. ಫೆಬ್ರವರಿಯಲ್ಲಿ ಕೊಯ್ಯುವತನಕ ಮೇಲಿಂದ ಹನಿ ಬೀಳುವ ಖಾತರಿ ಇಲ್ಲ. ಎರೆ ಮಣ್ಣು ಕುಡಿದು ಇಟ್ಟುಕೊಂಡ ನೀರೇ ಬಂಡವಾಳ. ಜನವರಿಯಲ್ಲಿ ಮೇಲಿನ ಒಂದಡಿ ಒಣಗಿ ಬಿರುಕು ಬಿಟ್ಟಿರುತ್ತದೆ. ಕಾಳು ಕಟ್ಟುವ ಹೊತ್ತು ಅದೇ. ಕೆಳಗೆ ಇನ್ನೂ ತೇವ ಇರುತ್ತದೆ. ಅಲ್ಲಿಗೆ ತಲುಪಿದ ಬೇರಿಗೆ ಮಾತ್ರ ಅದು ಸಿಗುತ್ತದೆ.

ಆ ಕೆಳಗಿನ ತೇವಕ್ಕೆ ಬೆಲೆ ಎಷ್ಟು? ಆಸ್ಟ್ರೇಲಿಯಾದಲ್ಲಿ ಜಾನ್ ಕಿರ್ಕೆಗಾರ್ಡ್ ಮತ್ತು ಜೊತೆಗಾರರು ಇದನ್ನು ಹೊಲದಲ್ಲೇ ಅಳೆದು 2007ರಲ್ಲಿ ಪ್ರಕಟಿಸಿದರು. ಹೂ ಬಿಟ್ಟ ಮೇಲೆ ಆಳದ ಮಣ್ಣಿನಿಂದ 10.5 ಮಿಲಿಮೀಟರ್ ನೀರು ಹೆಚ್ಚಿಗೆ ಎಳೆದುಕೊಂಡ ಗೋಧಿ, ಹೆಕ್ಟೇರಿಗೆ 620 ಕಿಲೋ ಜಾಸ್ತಿ ಕಾಳು ಕೊಟ್ಟಿತು. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ಸುಮಾರು 42 ಸಾವಿರ ಲೀಟರ್ ನೀರು, ಅಂದರೆ ಐದು ಸಾವಿರ ಲೀಟರಿನ ಎಂಟೂವರೆ ಟ್ಯಾಂಕರ್. ಅದಕ್ಕೆ ಸಿಕ್ಕಿದ್ದು ಎರಡೂವರೆ ಕ್ವಿಂಟಲ್ ಗೋಧಿ. ಇಡೀ ಬೆಳೆ ಅವಧಿಯಲ್ಲಿ ಕುಡಿಯುವ ನೀರಿಗೆ ಸರಾಸರಿ ಸಿಗುವ ಫಸಲಿಗೆ ಹೋಲಿಸಿದರೆ ಹನಿಹನಿಗೂ ಮೂರು ಪಟ್ಟು.

ಯಾಕೆ ಇಷ್ಟು? ಮೊದಲ ಎರಡು ತಿಂಗಳು ಕುಡಿದ ನೀರು ಎಲೆ, ಕಾಂಡ, ತೆಂಡೆಗೆ ಹೋಗುತ್ತದೆ. ಕೊನೆಗೆ ಸಿಕ್ಕ ನೀರು ನೇರವಾಗಿ ಕಾಳಿಗೆ. ನಮ್ಮಲ್ಲೂ ಹಾಗೇ ತಾನೆ? ಜುಲೈಯಲ್ಲಿ ಸುರಿಯುವ ಹತ್ತಿಂಚು ಮಳೆಯ ಬೆಲೆಯೇ ಬೇರೆ, ಮಾರ್ಚಿನಲ್ಲಿ ಸಮಯಕ್ಕೆ ಬೀಳುವ ಒಂದಿಂಚಿನ ಬೆಲೆಯೇ ಬೇರೆ.

ಹವಾಮಾನ ಬದಲಾಗುತ್ತಿರುವುದು ಈ ಲೆಕ್ಕವನ್ನು ಇನ್ನೂ ಬಿಗಿ ಮಾಡಿದೆ. 2022ರ ಮಾರ್ಚ್ ನೆನಪಿದೆಯಾ? 1901ರಿಂದ ಇಟ್ಟ ದಾಖಲೆಗಳಲ್ಲಿ ದೇಶಕ್ಕೆ ಅತಿ ಬಿಸಿಯಾದ ಮಾರ್ಚ್ ಅದು. ಪಂಜಾಬ್, ಹರಿಯಾಣದ ಗೋಧಿ ಹಾಲು ತುಂಬುವ ಹಂತದಲ್ಲಿತ್ತು. ಕಾಳು ಸುಕ್ಕಿಹೋಯಿತು. 11.13 ಕೋಟಿ ಟನ್ ಬರುತ್ತದೆ ಅಂದಿದ್ದ ಸರ್ಕಾರದ ಅಂದಾಜು 10.64 ಕೋಟಿಗೆ ಇಳಿಯಿತು. ಮೇ 13ರಂದು ಗೋಧಿ ರಫ್ತು ನಿಂತಿತು. ಜಗತ್ತಿನ ಸರಾಸರಿ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಗೋಧಿ ಇಳುವರಿ ಸುಮಾರು 6 ಶೇಕಡಾ ಇಳಿಯುತ್ತದೆ ಅಂತ 2015ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಲೆಕ್ಕ ಹಾಕಿದ್ದರು.

ಬಿಸಿಗೂ ಬೇರಿಗೂ ಏನು ಸಂಬಂಧ ಅನ್ನಿಸಬಹುದು. ಎರಡು ಸಂಬಂಧ ಇದೆ. ಒಂದು, ಎಲೆ ತಣ್ಣಗಿರುವುದು ಬೆವರಿಕೊಂಡು. ಬೇರು ನೀರು ಕಳಿಸುತ್ತಿದ್ದರೆ ಎಲೆಯಿಂದ ಆವಿ ಹೋಗುತ್ತದೆ, ಪೈರು ತಣ್ಣಗಿರುತ್ತದೆ. ನೀರು ನಿಂತರೆ ಎಲೆ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಎರಡನೆಯದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಬೇರು ದಿನಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇಳಿಯುತ್ತದೆ. ಹೂ ಬಿಡುವ ಹೊತ್ತಿಗೆ ಇಳಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಬಿಸಿ ಹೆಚ್ಚಾದರೆ ಪೈರು ಅವಸರವಾಗಿ ಹೂ ಬಿಡುತ್ತದೆ. ಅಂದರೆ ಬೇರಿಗೆ ಸಿಗುವ ದಿನಗಳೇ ಕಡಿಮೆ. ನೀರು ಆಳದಲ್ಲಿ ಬೇಕಾದ ವರ್ಷವೇ ಬೇರು ಅರ್ಧ ದಾರಿಯಲ್ಲಿ ನಿಂತಿರುತ್ತದೆ.

ಹಾಗಾದರೆ ಇಷ್ಟು ದಿನ ತಳಿ ಮಾಡುವವರು ಬೇರನ್ನು ಯಾಕೆ ನೋಡಲಿಲ್ಲ? ನೋಡುವ ಅಗತ್ಯ ಬೀಳಲಿಲ್ಲ ಅನ್ನುವುದು ಒಂದು ಉತ್ತರ. ಜಪಾನಿನ ನೋರಿನ್ 10 ಅನ್ನುವ ಗಿಡ್ಡ ಗೋಧಿಯ ಗುಣವನ್ನು ನಾರ್ಮನ್ ಬೋರ್ಲಾಗ್ ಮೆಕ್ಸಿಕೋದ ತಳಿಗಳಿಗೆ ತಂದರು. ಅಲ್ಲಿಂದ 1966ರಲ್ಲಿ ಭಾರತಕ್ಕೆ 18,000 ಟನ್ ಬೀಜ ಬಂತು. ಅದೇ ಹಸಿರು ಕ್ರಾಂತಿ. ಹಳೆಯ ಎತ್ತರದ ಗೋಧಿಗೆ ಯೂರಿಯಾ ಹಾಕಿದರೆ ತೆನೆ ಭಾರಕ್ಕೆ ಪೈರು ಮಲಗಿಬಿಡುತ್ತಿತ್ತು. ಗಿಡ್ಡ ಗೋಧಿ ನೆಟ್ಟಗೆ ನಿಂತಿತು. ನೀರು ಕಾಲುವೆಯಿಂದ ಬಂತು, ಗೊಬ್ಬರ ಚೀಲದಿಂದ ಬಂತು. ಎರಡೂ ಮೇಲ್ಮಣ್ಣಿಗೇ ಸಿಕ್ಕಮೇಲೆ ಬೇರು ಆಳಕ್ಕೆ ಇಳಿದಿದೆಯಾ ಅಂತ ಯಾರು ಕೇಳುತ್ತಾರೆ? ಆಯ್ಕೆ ನಡೆದದ್ದೆಲ್ಲ ನೀರು, ಗೊಬ್ಬರ ಧಾರಾಳವಾಗಿದ್ದ ತಾಕುಗಳಲ್ಲಿ. ಎಷ್ಟೋ ಈಗಿನ ತಳಿಗಳಿಗೆ ಹಳೆ ನಾಟಿ ಗೋಧಿಗಿಂತ ಬೇರು ಕಡಿಮೆ ಅಂತ ಆಮೇಲೆ ಅಗೆದು ನೋಡಿದವರು ಕಂಡುಕೊಂಡರು. ಇದಕ್ಕೆ ಬೋರ್ಲಾಗ್ ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆಗ ಬೇಕಿದ್ದದ್ದು ಹೊಟ್ಟೆಗೆ ಹಿಟ್ಟು.

ಇನ್ನೊಂದು ಉತ್ತರ ಸರಳ. ಬೇರು ಕಾಣುವುದಿಲ್ಲ. ನನಗೆ ಅದು ಕಾಣಲು ಬರೆ ಜರಿಯಬೇಕಾಯಿತು.

ತೆನೆ ಎಣಿಸಬಹುದು, ಕಾಳು ತೂಗಬಹುದು. ಸಾವಿರ ತಳಿಗಳ ಬೇರು ಅಗೆಯುವುದು ಹೇಗೆ? ಅಗೆಯುವವರೂ ಇದ್ದಾರೆ. ಗುದ್ದಲಿ ಹಿಡಿದು ಬುಡ ಕಿತ್ತು, ನೀರಲ್ಲಿ ಅದ್ದಿ ತೊಳೆದು, ಬೇರು ಎಣಿಸಿ ಅಳೆಯುತ್ತಾರೆ. ಟ್ರ್ಯಾಕ್ಟರಿಗೆ ಉಕ್ಕಿನ ಕೊಳವೆ ಕಟ್ಟಿ ಎರಡು ಮೀಟರ್ ಆಳದ ಮಣ್ಣನ್ನು ಕಂಬದ ಹಾಗೆ ಮೇಲೆತ್ತಿ, ಅದನ್ನು ಮುರಿದು ಪ್ರತಿ ತುಂಡಿನಲ್ಲಿ ಎಷ್ಟು ಬೇರು ಕಾಣುತ್ತದೆ ಅಂತ ಲೆಕ್ಕ ಹಾಕುವವರಿದ್ದಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಕುಂಡವನ್ನೇ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಆಸ್ಪತ್ರೆಯಲ್ಲಿ ನಮ್ಮ ತಲೆಗೆ ಮಾಡುವಂಥದ್ದೇ.

ನನಗೆ ಹಿಡಿಸಿದ್ದು ಮಾತ್ರ ಇನ್ನೊಂದು ದಾರಿ. ಬೇರನ್ನು ಬಿಟ್ಟು ಎಲೆ ನೋಡುವುದು. ಕೊರೋನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಜ್ವರದ ಗನ್ ಇತ್ತಲ್ಲ, ಅಂಥದ್ದೇ ಒಂದನ್ನು ಮಧ್ಯಾಹ್ನ ಪೈರಿಗೆ ಹಿಡಿಯುತ್ತಾರೆ. ಎಲೆ ತಣ್ಣಗಿದ್ದರೆ ಕೆಳಗೆ ಬೇರು ನೀರಿನ ಹತ್ತಿರ ಇದೆ ಅಂತ ಅರ್ಥ. ಗೋಧಿ, ಮೆಕ್ಕೆಜೋಳದ ಸಂಶೋಧನೆ ಮಾಡುವ ಮೆಕ್ಸಿಕೋದ ಸಿಮಿಟ್ ಸಂಸ್ಥೆಯವರು ಅಲ್ಲಿನ ಒಣ ಬಯಲಿನಲ್ಲಿ ಹೀಗೆ ಅಳೆದು ತಾಳೆ ನೋಡಿದಾಗ, ತಣ್ಣಗಿದ್ದ ಸಾಲುಗಳ ಬೇರು ನಿಜಕ್ಕೂ ಆಳದಲ್ಲೇ ಜಾಸ್ತಿ ಇತ್ತು. ಬೆಳಗ್ಗೆಯಿಂದ ಸಂಜೆವರೆಗೆ ನಾಲ್ಕು ಗುಂಡಿ ತೋಡುವ ಬದಲು ಒಂದೇ ಮಧ್ಯಾಹ್ನ ನೂರಾರು ತಾಕು ನೋಡಬಹುದು.

ಮನೆಯಲ್ಲೇ ಮಾಡಿ ನೋಡಬಹುದಾದ ವಿಧಾನವೂ ಒಂದಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನವರದ್ದು. ಆರಪಾರ ಕಾಣುವ ಪ್ಲಾಸ್ಟಿಕ್ ಕುಂಡದ ಗೋಡೆಗೆ ತಾಗಿಸಿ ಸುತ್ತಲೂ 24 ಕಾಳು ಊರುತ್ತಾರೆ. ಬೆಳಕು ಬೀಳದಂತೆ ಅದನ್ನು ಕಪ್ಪು ಕುಂಡದೊಳಗೆ ಇಡುತ್ತಾರೆ. ಐದನೇ ದಿನ ಹೊರಗೆ ತೆಗೆದು ಫೋಟೋ ಹೊಡೆದು, ಮೊದಲ ಬೇರುಗಳು ಎಷ್ಟು ಅಗಲಕ್ಕೆ ಕವಲೊಡೆದಿವೆ ಅಂತ ಕೋನ ಅಳೆಯುತ್ತಾರೆ. ಕೋನ ಕಿರಿದಾಗಿದ್ದರೆ ಬೇರು ನೆಟ್ಟಗೆ ಕೆಳಗಿಳಿಯುವ ಸ್ವಭಾವದ್ದು. ಅಗಲ ಇದ್ದರೆ ಹರಡುವ ಸ್ವಭಾವದ್ದು.

ನಾನೂ ಮಾಡಿದೆ. ಉಪ್ಪಿನಕಾಯಿಯ ಹಳೆ ಪ್ಲಾಸ್ಟಿಕ್ ಭರಣಿ, ತೋಟದ ಜರಡಿ ಹಿಡಿದ ಮಣ್ಣು, ಸುತ್ತಲೂ ಕರಿ ಚೀಲ. ಒಂದರಲ್ಲಿ ಕುಶಾಲನಗರದ ಅಂಗಡಿಯಿಂದ ತಂದ ಗೋಧಿ ಆರು ಕಾಳು. ಇನ್ನೊಂದರಲ್ಲಿ ಮೇಷ್ಟ್ರು ಊರಿಂದ ತಂದಿದ್ದ ಜವೆ ಗೋಧಿ ಆರು ಕಾಳು, ಹೊಟ್ಟು ಸಮೇತ. ಜವೆ ಅಂದರೆ ಉತ್ತರ ಕರ್ನಾಟಕದಲ್ಲಿ ಮಾದಲಿಗೂ ಪಾಯಸಕ್ಕೂ ಹುಡುಕಿ ತರುವ ಕೆಂಚು ಗೋಧಿ. ಕೆಲವು ಕಡೆ ಸದಕ ಅನ್ನುತ್ತಾರೆ. ಐದನೇ ದಿನ ಕರಿ ಚೀಲ ಬಿಚ್ಚಿದಾಗ ನಮ್ಮಮ್ಮ ಸಹ ಕನ್ನಡಕ ಹಾಕಿಕೊಂಡು ಬಂದರು. ಭರಣಿಯ ಗೋಡೆಗೆ ಅಂಟಿಕೊಂಡು ಬಿಳೀ ಬೇರುಗಳು, ಅದರ ಮೇಲೆ ಮಂಜು ಕೂತ ಹಾಗೆ ನವಿರಾದ ರೋಮ. ಮೇಷ್ಟ್ರು ಶಾಲೆಯ ಕೋನಮಾಪಕ ಹಿಡಿದು ಅಳೆದರು. ಅಂಗಡಿ ಗೋಧಿಯ ಎರಡು ಕಾಳು ಕೈ ಚಾಚಿದ ಹಾಗೆ ಅಗಲಕ್ಕೆ ಬೇರು ಬಿಟ್ಟಿದ್ದವು. ಜವೆಯ ಬೇರು ಕಟ್ಟಿದ ಕೊಡೆಯಷ್ಟು ಕಿರಿದು. ಒಂದು ಕಾಳು ಮಾತ್ರ ಮೊಳೆಯಲೇ ಇಲ್ಲ. ಆರಾರು ಕಾಳು ನೋಡಿ ಶಾಸ್ತ್ರ ಹೇಳಬಾರದು. ಅಂಗಡಿ ಗೋಧಿ ಒಂದೇ ತಳಿಯೋ ಬೆರಕೆಯೋ ಅದೂ ತಿಳಿಯುವಂತಿರಲಿಲ್ಲ. ಭರಣಿಯ ಕೋನ ಹೊಲದಲ್ಲೂ ಹಾಗೇ ಉಳಿಯುತ್ತದೆ ಅನ್ನುವ ಖಾತರಿಯೂ ಇಲ್ಲ. ಟ್ರ್ಯಾಕ್ಟರ್ ಓಡಿ ಗಟ್ಟಿಯಾದ ಪದರ ಸಿಕ್ಕರೆ ಎಂಥ ನೇರ ಬೇರೂ ಅಡ್ಡ ತಿರುಗುತ್ತದೆ.

ಬೇರಿಗೆ ಕೆಳಗೆ ಯಾವ ಕಡೆ ಅಂತ ಗೊತ್ತಾಗುವುದು ಹೇಗೆ? ಬೇರಿನ ತುದಿಯ ಟೊಪ್ಪಿಯ ಕೋಶಗಳಲ್ಲಿ ಪಿಷ್ಟದ ಸಣ್ಣ ಹರಳುಗಳಿರುತ್ತವೆ. ಡಬ್ಬ ಓರೆ ಮಾಡಿದರೆ ಒಳಗಿನ ಅಕ್ಕಿ ಮೂಲೆಗೆ ಜಾರುತ್ತದಲ್ಲ, ಹಾಗೇ ಬೇರು ಓರೆಯಾದರೆ ಹರಳು ಕೆಳಬದಿಗೆ ಜಾರುತ್ತವೆ. ಕೋಶಕ್ಕೆ ದಿಕ್ಕು ಸಿಗುತ್ತದೆ. ಆಕ್ಸಿನ್ ಅನ್ನುವ ಹಾರ್ಮೋನು ಒಂದು ಬದಿಗೆ ಹೆಚ್ಚು ಹೋಗಿ ಬೇರು ಬಾಗುತ್ತದೆ. ಎಲ್ಲ ಬೇರೂ ಸೀದಾ ಕೆಳಗೇ ಹೋದರೆ ಅಕ್ಕಪಕ್ಕದ ಮಣ್ಣು ಸಿಗುವುದಿಲ್ಲ. ಹಾಗಾಗಿ ಕೆಳಗೆ ಎಳೆಯುವ ಬಲವನ್ನು ಸ್ವಲ್ಪ ತಡೆದು, ಬೇರನ್ನು ಓರೆಯಾಗಿ ಹಿಡಿದಿಡುವ ಜೀನುಗಳೂ ಇವೆ. ಬಾರ್ಲಿ ಮತ್ತು ಗೋಧಿಯಲ್ಲಿ ಅಂಥ ಒಂದನ್ನು 2021ರಲ್ಲಿ ಗುರುತಿಸಿದರು. ಹೆಸರು ಇಜಿಟಿ2. ಅದನ್ನು ಕೆಡಿಸಿದರೆ ಬೇರು ಕಡಿದಾಗಿ ಕೆಳಗಿಳಿಯುತ್ತದೆ.

ಭತ್ತದಲ್ಲಿ ಈ ಕಥೆ ಇನ್ನೂ ಮೊದಲೇ ನಡೆಯಿತು. ಗದ್ದೆ ಇರುವ ನಮಗೆ ಇದು ಹತ್ತಿರದ್ದು. ಐಆರ್ 64 ತಳಿಯನ್ನು ಕೇಳದ ಭತ್ತದ ರೈತರಿಲ್ಲ. ಅದರ ಬೇರು ಮೇಲೇ ಹರಡುತ್ತದೆ. ಫಿಲಿಪ್ಪೀನ್ಸಿನ ಗುಡ್ಡದ ಭತ್ತವೊಂದರ ಬೇರು ಆಳಕ್ಕೆ ಹೋಗುತ್ತದೆ. ಎರಡನ್ನೂ ಸೇರಿಸಿ ಹುಡುಕಿದ ಜಪಾನಿನ ಯುಸಾಕು ಉಗಾ ಮತ್ತು ತಂಡ 2013ರಲ್ಲಿ ಡಿಆರ್‌ಒ1 ಅನ್ನುವ ಜೀನ್ ತೋರಿಸಿತು. ಐಆರ್ 64ರಲ್ಲಿ ಆ ಜೀನಿನ ಒಂದೇ ಒಂದು ಅಕ್ಷರ ಬಿದ್ದುಹೋಗಿದೆ. ಅಷ್ಟಕ್ಕೇ ಬೇರು ಅಡ್ಡ ಬಿದ್ದಿದೆ! ಗುಡ್ಡದ ಭತ್ತದ ಸರಿ ಜೀನನ್ನು ಕ್ರಾಸ್ ಮಾಡಿ ತಂದಾಗ ಬೇರು ಕೆಳಗಿಳಿಯಿತು, ಬರದಲ್ಲೂ ಕಾಳು ಕಟ್ಟಿತು. ನೀರಿದ್ದ ಗದ್ದೆಯಲ್ಲಿ ಇಳುವರಿ ಕಡಿಮೆಯೂ ಆಗಲಿಲ್ಲ.

ಇದನ್ನು ಓದಿ ಆಳದ ಬೇರೇ ಒಳ್ಳೆಯದು ಅಂದುಕೊಂಡರೆ, ಅದೇ ಗುಂಪಿನವರು ಏಳು ವರ್ಷದ ಮೇಲೆ ತೋರಿಸಿದ್ದು ಉಲ್ಟಾ. ಉಪ್ಪು ನೀರು ನುಗ್ಗುವ ಗದ್ದೆಯಲ್ಲಿ ಮಣ್ಣು ಬಿಗಿದು ಕೆಳಗೆ ಗಾಳಿಯೇ ಆಡುವುದಿಲ್ಲ. ಅಲ್ಲಿ ನೆಲದ ಮೇಲ್ಮೈಯಲ್ಲೇ ಬೇರು ಹರಡುವ ಭತ್ತ ಹೆಚ್ಚು ಕೊಟ್ಟಿತು. ಅದಕ್ಕೆ ಕಾರಣವಾದ ಜೀನ್ ಕೂಡ ಡಿಆರ್‌ಒ1ರ ದಾಯಾದಿಯೇ.

ಉತ್ತಮ ಬೇರು ಅಂತ ಒಂದು ಮಾದರಿ ಎಲ್ಲೂ ಇಟ್ಟಿಲ್ಲ. ನೀರು ಎಲ್ಲಿದೆ, ಯಾವಾಗ ಬೇಕು ಅನ್ನುವುದರ ಮೇಲೆ ಅದು ನಿಂತಿದೆ. ಗೋಧಿಯಲ್ಲಿ ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಆಸ್ಟ್ರೇಲಿಯಾದ ಜಾನ್ ಪಸ್ಸಿಯೂರಾ ಮತ್ತು ರಿಚರ್ಡ್ ರಿಚರ್ಡ್ಸ್ ಅವರದ್ದು. ಪೂರ್ತಿ ಸಂಗ್ರಹಿಸಿಟ್ಟ ತೇವದ ಮೇಲೇ ಬೆಳೆಯುವ ಹೊಲಗಳಲ್ಲಿ ಗೋಧಿ ಬೇಗ ಬೇಗ ನೀರು ಕುಡಿದು ಸೊಂಪಾಗಿ ಬೆಳೆಯುತ್ತದೆ. ಕಾಳು ಕಟ್ಟುವ ಹೊತ್ತಿಗೆ ಮಣ್ಣಿನಲ್ಲಿ ಏನೂ ಉಳಿದಿರುವುದಿಲ್ಲ. ಇಂಥ ಕಡೆ ಬೇರು ಹೆಚ್ಚಿಸಿದರೆ ಕೆಡುವುದೇ ಜಾಸ್ತಿ. ಅವರು ಕೇಳಿದ್ದು, ಬೇರಿನ ಪೈಪನ್ನೇ ಸಪೂರ ಮಾಡಿದರೆ ಹೇಗೆ?

ನಮ್ಮ ಹಳೆಯ ಮನೆಯಲ್ಲಿ ಪತ್ತಾಯದ ಬೀಗದ ಕೈ ಅಜ್ಜಿಯ ಸೆರಗಿನಲ್ಲಿರುತ್ತಿತ್ತು. ಎಷ್ಟೇ ನೆಂಟರು ಬರಲಿ, ಭತ್ತ ಹೊರಗೆ ಬರುವುದು ಅವರು ಅಳೆದ ಸೇರಿನ ಲೆಕ್ಕದಲ್ಲೇ. ಹುತ್ತರಿಗೆ ಹೊಸ ಕದಿರು ಬರುವತನಕ ಅದು ಬರಬೇಕು. ರಿಚರ್ಡ್ಸ್, ಪಸ್ಸಿಯೂರಾ ಗೋಧಿಗೆ ಹುಡುಕಿದ್ದು ಅಂಥ ಅಜ್ಜಿಯನ್ನು.

ಬೀಜದ ಬೇರಿನ ನಡುವೆ ನೀರು ಏರುವ ಒಂದು ಮುಖ್ಯ ನಾಳ ಇರುತ್ತದೆ. ಸಾಮಾನ್ಯ ಗೋಧಿಯಲ್ಲಿ ಅದರ ಅಗಲ ಸುಮಾರು 65 ಮೈಕ್ರಾನ್, ಕೂದಲೆಳೆಯಷ್ಟು. ಟರ್ಕಿಯ ನಾಟಿ ಗೋಧಿಯಲ್ಲಿ ಇನ್ನೂ ಸಪೂರ ನಾಳ ಸಿಕ್ಕಿತು. ಅದನ್ನು ಕ್ರಾಸ್ ಮಾಡಿ 55 ಮೈಕ್ರಾನಿಗಿಂತ ಕೆಳಗೆ ತಂದರು. ಹತ್ತು ಮೈಕ್ರಾನ್ ಏನು ಮಹಾ ಅನ್ನಬೇಡಿ. ಕೊಳವೆಯಲ್ಲಿ ನೀರು ಹರಿಯುವುದು ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ. 65ರಿಂದ 55ಕ್ಕೆ ಇಳಿದರೆ ಹರಿವು ಹೆಚ್ಚುಕಡಿಮೆ ಅರ್ಧವಾಗುತ್ತದೆ. ತೋಟದ ಸ್ಪ್ರಿಂಕ್ಲರಿಗೆ ಮೂರಿಂಚಿನ ಬದಲು ಎರಡಿಂಚಿನ ಪೈಪ್ ಹಾಕಿ ಬೈಸಿಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹೀಗೆ ನಿಧಾನವಾಗಿ ಕುಡಿದ ಗೋಧಿ ಅತಿ ಒಣ ಹೊಲಗಳಲ್ಲಿ 3ರಿಂದ 11 ಶೇಕಡಾ ಜಾಸ್ತಿ ಇಳುವರಿ ಕೊಟ್ಟಿತು ಅಂತ 1989ರಲ್ಲಿ ಬರೆದರು. ಮಳೆ ಚೆನ್ನಾಗಿ ಬಂದ ವರ್ಷ ನಷ್ಟವೂ ಆಗಲಿಲ್ಲ. ಮೇಲ್ಮಣ್ಣು ಒದ್ದೆಯಿದ್ದಾಗ ಬುಡದ ಬೇರುಗಳು ಬಂದು ಕೊರತೆ ತುಂಬುತ್ತವೆ.

ಹಾಗಿದ್ದರೆ ಬೇಕಾದ ಜೀನ್ ಹಿಡಿದು ಗೋಧಿಗೆ ಹಾಕಿದರಾಯಿತು ಅಲ್ವಾ? ಭತ್ತದಲ್ಲಿ ಆದಷ್ಟು ಸಲೀಸಲ್ಲ. ಭತ್ತದ ತಳಿಗುಣದ ಪುಸ್ತಕದಲ್ಲಿ ಸುಮಾರು 40 ಕೋಟಿ ಅಕ್ಷರ. ಮನುಷ್ಯರದ್ದು 300 ಕೋಟಿ. ಚಪಾತಿ ಗೋಧಿಯದ್ದು ಸುಮಾರು 1,600 ಕೋಟಿ! ಮೂರು ಬೇರೆ ಬೇರೆ ಹುಲ್ಲುಗಳು ಸಾವಿರಾರು ವರ್ಷಗಳ ಹಿಂದೆ ಕೂಡಿಕೊಂಡು ಆದ ಬೆಳೆ ಅದು. ಹಾಗಾಗಿ ಬಹುಪಾಲು ಜೀನುಗಳು ಮೂರು ಮೂರು ಪ್ರತಿ ಇವೆ. ಒಂದೇ ಒಕ್ಕದಲ್ಲಿ ಮೂವರು ಅಣ್ಣತಮ್ಮಂದಿರು ಇದ್ದ ಹಾಗೆ. ಒಬ್ಬ ಕೆಲಸ ಬಿಟ್ಟು ಕೂತರೂ ಉಳಿದಿಬ್ಬರು ಗದ್ದೆ ನಡೆಸುತ್ತಾರೆ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಯಾವ ಜೀನ್ ಏನು ಮಾಡುತ್ತದೆ ಅಂತ ಪತ್ತೆ ಮಾಡಲು ಮೂರನ್ನೂ ಒಟ್ಟಿಗೆ ಹಿಡಿಯಬೇಕು. ಈ ಪುಸ್ತಕ ನೆಟ್ಟಗೆ ಓದಲು ಸಿಕ್ಕಿದ್ದೇ 2018ರಲ್ಲಿ. ಜವೆ ಗೋಧಿಯಲ್ಲಿ ಎರಡೇ ಪಾಲು, ಜೀನುಗಳನ್ನು ಹೊತ್ತ ಕ್ರೋಮೋಸೋಮು 28. ಚಪಾತಿ ಗೋಧಿಯಲ್ಲಿ 42.

ಪ್ರತಿ ಜಾಸ್ತಿಯಾದರೂ ತೊಂದರೆಯೇ. ಗೋಧಿಯಲ್ಲಿ ರೈ ಅನ್ನುವ ಧಾನ್ಯದ ಒಂದು ಕ್ರೋಮೋಸೋಮಿನ ತುಂಡು ಸೇರಿದ ತಳಿಗಳು ಜಗತ್ತಿನಲ್ಲಿ ಬಹಳ ಇವೆ. ಪಂಜಾಬಿನಲ್ಲಿ ವರ್ಷಗಟ್ಟಲೆ ಮೆರೆದ ಪಿಬಿಡಬ್ಲ್ಯು 343ರಲ್ಲೂ ಅದಿತ್ತು. ರೋಗ ತಡೆಯಲಿ ಅಂತ ತಂದ ತುಂಡು ಬೇರಿಗೂ ಸಹಾಯ ಮಾಡಿತು. ಅಲ್ಲಿ ಏನು ನಡೆಯುತ್ತದೆ ಅಂತ ಕೆದಕಿದ ಕ್ಯಾಲಿಫೋರ್ನಿಯಾದ ಡೇವಿಸ್‌ನ ವಿಜ್ಞಾನಿಗಳಿಗೆ 2023ರಲ್ಲಿ ಒಂದು ಸುಳಿವು ಸಿಕ್ಕಿತು. ಒಪಿಆರ್ ಅನ್ನುವ ಜೀನುಗಳಲ್ಲಿ ಮೂರನೇ ಗುಂಪಿನವುಗಳ ಪ್ರತಿ ಹೆಚ್ಚಾದರೆ ಬೇರು ಗಿಡ್ಡವಾಗುತ್ತದೆ. ಉಪ್ಪು ಹಾಕಿದ ಹಾಗೆ, ಹದ ಮೀರಬಾರದು.

ಒಳ್ಳೆಯ ಗುಣ ಹುಡುಕಲು ಹೋಗುವುದು ಮತ್ತೆ ಹಳೆಯ ನಾಟಿ ಗೋಧಿಗಳ ಹತ್ತಿರವೇ. 1920–30ರ ದಶಕದಲ್ಲಿ ಆರ್ಥರ್ ವಾಟ್ಕಿನ್ಸ್ ಅನ್ನುವ ಇಂಗ್ಲಿಷ್ ವಿಜ್ಞಾನಿ 32 ದೇಶಗಳ ಸಂತೆ, ಹೊಲಗಳಿಂದ ಗೋಧಿ ತರಿಸಿ ಕೂಡಿಟ್ಟರು. ಅದರಲ್ಲಿ ಭಾರತದವೂ ಇವೆ. 827 ಬಗೆ ಈಗಲೂ ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದಲ್ಲಿವೆ. 2024ರಲ್ಲಿ ಎಲ್ಲದರ ತಳಿಗುಣದ ಪುಸ್ತಕವನ್ನೂ ಓದಿ ನೋಡಿದಾಗ ಗೊತ್ತಾದದ್ದು, ಈಗಿನ ತಳಿಗಳು ಅವುಗಳಲ್ಲಿನ ವೈವಿಧ್ಯದ ಹೆಚ್ಚಿನ ಪಾಲನ್ನು ಮುಟ್ಟಿಯೇ ಇಲ್ಲ.

ಹಳೆ ಗೋಧಿಯ ಬೇರು, ಹೊಸ ಗೋಧಿಯ ತೆನೆ ಒಂದೇ ಗಿಡಕ್ಕೆ ಬರಬೇಕಾದರೆ ಕ್ರಾಸ್ ಮಾಡಿ, ಮತ್ತೆ ಮತ್ತೆ ಹೊಸ ಗೋಧಿಗೇ ಕೂಡಿಸಿ, ಆರಿಸುತ್ತಾ ಹೋಗಬೇಕು. ವರ್ಷಕ್ಕೆ ಒಂದು ತಲೆಮಾರು ಅಂದರೆ ಹತ್ತು ಹನ್ನೆರಡು ವರ್ಷ. ಇದನ್ನು ಕುಗ್ಗಿಸಲು ಕ್ವೀನ್ಸ್‌ಲ್ಯಾಂಡಿನ ಲೀ ಹಿಕ್ಕಿ ಮತ್ತು ಜೊತೆಯವರು ಹಸಿರುಮನೆಯಲ್ಲಿ ದಿನಕ್ಕೆ 22 ಗಂಟೆ ದೀಪ ಉರಿಸಿ, ವರ್ಷಕ್ಕೆ ಆರು ತಲೆಮಾರು ತೆಗೆಯುತ್ತಾರೆ. ಪಾಪ, ಗೋಧಿಗೆ ನಿದ್ದೆಯಿಲ್ಲ. ಆಮೇಲೆ ಹೊಲದ ಪರೀಕ್ಷೆ ಮಾತ್ರ ನಿಧಾನವಾಗಿಯೇ ಆಗಬೇಕು. ಮಳೆ ಬಂದ ವರ್ಷ, ಬಾರದ ವರ್ಷ ಎರಡನ್ನೂ ನೋಡದೆ ಬೇರಿನ ಬಗ್ಗೆ ಮಾತಾಡುವಂತಿಲ್ಲ.

ಬೇರು ನೀರು ಕುಡಿಯುವುದಷ್ಟೇ ಅಲ್ಲ, ಮಣ್ಣಿಗೆ ಏನೇನೋ ಸುರಿಯುತ್ತದೆ ಕೂಡ. ಕೊಡಗಿನ ಮಳೆ ಮಣ್ಣಿನ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಅದಕ್ಕೇ ನಾವು ತೋಟಕ್ಕೆ ಸುಣ್ಣ ಹಾಕುವುದು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ. ಸುಣ್ಣ ಮೇಲಿನಿಂದ ಕೆಳಗಿಳಿಯಲು ವರ್ಷಗಳೇ ಬೇಕು, ಅಷ್ಟರಲ್ಲಿ ಆಳದ ಮಣ್ಣು ಹುಳಿಯಾಗೇ ಇರುತ್ತದೆ. ಕೆಲವು ಗೋಧಿ ತಳಿಗಳು ಇದಕ್ಕೆ ತಾವೇ ಉಪಾಯ ಮಾಡಿಕೊಂಡಿವೆ. ಬೇರಿನ ತುದಿಯಿಂದ ಮ್ಯಾಲೇಟ್ ಅನ್ನುವ, ಸೇಬಿನಲ್ಲಿರುವ ಹುಳಿಯನ್ನು ಒಸರಿಸುತ್ತವೆ. ಅದು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ಇದನ್ನು ನಡೆಸುವ ಜೀನನ್ನು 2004ರಲ್ಲೇ ಗುರುತಿಸಿದ್ದಾರೆ. ಇನ್ನು, ಒಂದು ಕಾಡು ಹುಲ್ಲಿನ ಕ್ರೋಮೋಸೋಮಿನ ತುಂಡನ್ನು ಗೋಧಿಗೆ ಸೇರಿಸಿ, ಮಣ್ಣಿನ ಸಾರಜನಕ ನೀರಿನ ಜೊತೆ ಕೊಚ್ಚಿಹೋಗದಂತೆ ತಡೆಯುವ ಬೇರನ್ನು ಜಪಾನ್ ಮತ್ತು ಸಿಮಿಟ್ ಸೇರಿ 2021ರಲ್ಲಿ ತೋರಿಸಿವೆ. ಅದು ಬೇರೆಯೇ ಒಂದು ಲೇಖನ.

ಇಷ್ಟಾದರೂ ಬೀಜದಂಗಡಿಗೆ ಹೋಗಿ "ಆಳದ ಬೇರಿನ ಗೋಧಿ ಕೊಡಿ" ಅನ್ನುವ ಕಾಲ ಬಂದಿಲ್ಲ. ಬೇರು ಬೆಳೆಸಲೂ ಗಿಡ ಖರ್ಚು ಮಾಡಬೇಕು. ಎಲೆ ತಯಾರಿಸಿದ ಸಕ್ಕರೆಯಲ್ಲಿ ಬೇರಿಗೆ ಹೋದದ್ದು ಕಾಳಿಗೆ ಇಲ್ಲ. ರಂಜಕ ಮೇಲ್ಮಣ್ಣಿನಲ್ಲೇ ಇರುತ್ತದೆ, ಎಲ್ಲ ಬೇರೂ ಕೆಳಗಿಳಿದರೆ ಅದನ್ನು ಹೆಕ್ಕುವವರು ಯಾರು? ಮಳೆ ಕಡಿಮೆಯಾಗಿ ಆಳದ ಮಣ್ಣು ತುಂಬದೇ ಇದ್ದ ವರ್ಷ ಉದ್ದದ ಬೇರು ಖಾಲಿ ಬಾವಿಗೆ ಬಿಟ್ಟ ಹಗ್ಗ. ಪಂಜಾಬಿನ ಕಾಲುವೆ ನೀರಿನ ಗೋಧಿಗೂ ವಿಜಯಪುರದ ಎರೆ ಹೊಲದ ಗೋಧಿಗೂ ಒಂದೇ ಬೇರು ಹೊಂದುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಲಾಭ ಆಗಬೇಕಾದದ್ದು ಎರಡನೆಯವರಿಗೆ. ಕಾಲುವೆ ಇರುವವರಿಗೆ ಬೇರೆ ದಾರಿಗಳಿವೆ.

ಮೇಷ್ಟ್ರು ಸಂಕ್ರಾಂತಿಗೆ ಊರಿಗೆ ಹೊರಟಾಗ ಒಂದು ಕೆಲಸ ಹೇಳಿ ಕಳಿಸಿದೆ. ಹೊಲದ ಬದುವಿನಲ್ಲಿ ಒಂದು ಗುಂಡಿ ತೋಡಿ, ಬೇರು ಎಲ್ಲಿಯವರೆಗೆ ಇದೆ ನೋಡಿ ಅಂತ. "ನೋಡೂಣ್ರೀ, ನಮ್ಮಪ್ಪ ಬೈತಾನ" ಅಂದಿದ್ದರು. ಮೂರನೇ ದಿನ ವಾಟ್ಸಾಪಿನಲ್ಲಿ ಫೋಟೋ ಬಂತು. ಕಪ್ಪು ಮಣ್ಣಿನ ಗುಂಡಿ, ಒಂದು ಬದಿಯಲ್ಲಿ ಬಿರುಕು, ಬಿರುಕಿನ ಗೋಡೆಗುಂಟ ಬಿಳೀ ನೂಲಿನಂಥ ನಾಲ್ಕಾರು ಎಳೆ. ಅಳತೆಗೆ ಸಲಿಕೆಯನ್ನು ನೆಟ್ಟಗೆ ನಿಲ್ಲಿಸಿದ್ದರು. ಕೆಳಗೆ ಬರೆದಿದ್ದರು: "ಸಲಿಕಿ ಹಿಡಿಕಿ ಮುಳುಗಿತು. ಬೇರು ಇನ್ನೂ ಕೆಳಗೈತಿ. ಅಪ್ಪ ಸಾಕ್ ಮುಚ್ಚೋ ಅಂದ."